ಎರಡು ಬುಟ್ಟಿ, ಒಂದು ಊಟ

ಕೇಳುಗರೆಲ್ಲರಿಗೂ ನಮಸ್ಕಾರ.

ಅಡುಗೆ ಮಾಡುವವರಿಗೆಲ್ಲ ಗೊತ್ತಿರುವ ಒಂದು ಸಂಕಟದಿಂದಲೇ ಮಾತು ಆರಂಭಿಸುತ್ತೇನೆ. ಒಲೆಯಿಂದ ಒಂದನ್ನು ಇಳಿಸಿ ಇನ್ನೊಂದನ್ನು ಇಟ್ಟು ಮುಗಿಸುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಆರಿದ್ದನ್ನು ಮತ್ತೆ ಬಿಸಿ ಮಾಡಲು ಹೊರಟರೆ ಎರಡನೆಯದು ತಳ ಹಿಡಿಯುತ್ತದೆ. ಮನೆಯವರೆಲ್ಲ ಊಟಕ್ಕೆ ಕುಳಿತಾಗ ಅಡುಗೆ ಮಾಡಿದವರೊಬ್ಬರು ನಿಂತೇ ಇರುತ್ತಾರೆ. ನಮ್ಮ ಮನೆಗೆ ಒಂಟಿ ಬುಟ್ಟಿಯ ಏರ್ ಫ್ರೈಯರ್ ಬಂದ ಮೇಲೂ ಈ ಸಂಕಟ ತಪ್ಪಲಿಲ್ಲ. ಆಲೂಗಡ್ಡೆ ಆಗುವ ತನಕ ಮೀನು ಕಾಯಬೇಕು. ಮೀನು ಆಗುವಷ್ಟರಲ್ಲಿ ಆಲೂಗಡ್ಡೆ ಮೆತ್ತಗಾಗಿರುತ್ತದೆ. ಗರಿಗರಿಯ ಆಯುಸ್ಸು ಹೆಚ್ಚೆಂದರೆ ಹತ್ತು ನಿಮಿಷ. ಕೊನೆಗೆ ಎರಡು ಬುಟ್ಟಿಯ ಯಂತ್ರವನ್ನು ತಂದೆವು. ಐದು ತಿಂಗಳಿಂದ ಅದರಲ್ಲಿ ಹೆಚ್ಚುಕಡಿಮೆ ದಿನವೂ ಏನಾದರೊಂದು ಮಾಡುತ್ತಿದ್ದೇನೆ. ಇಂಥ ಯಂತ್ರವನ್ನು ದಿನನಿತ್ಯದ ಅಡುಗೆಯ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ ಎಂಬುದು ಇಂದಿನ ಮಾತು. ಯಾವ ಕಂಪನಿಯದು ಒಳ್ಳೆಯದು ಎಂಬ ಪ್ರಶ್ನೆಗೆ ನಾನು ಕೈಹಾಕುವುದಿಲ್ಲ. ಕೊಳ್ಳುವ ಮೊದಲು ಏನನ್ನು ನೋಡಬೇಕು, ಏನಕ್ಕೆ ಮರುಳಾಗಬಾರದು ಎಂಬಷ್ಟನ್ನು ಹೇಳುತ್ತೇನೆ.

ಹೆಸರಿನಲ್ಲಿ ಫ್ರೈಯರ್ ಎಂದಿದ್ದರೂ ಇದು ಬಾಣಲೆಯ ಜಾತಿಯದಲ್ಲ, ಒವನ್ನಿನ ಜಾತಿಯದು. ಬುಟ್ಟಿಯ ನೆತ್ತಿಯ ಮೇಲೆ ಕಾಯುವ ಕಾಯಿಲ್ ಇದೆ, ಅದರ ಮೇಲೊಂದು ಫ್ಯಾನ್ ಇದೆ. ಕಾದ ಗಾಳಿ ಬುಟ್ಟಿಯೊಳಕ್ಕೆ ರಭಸದಿಂದ ಇಳಿದು, ತಳದ ತೂತಿನ ತಟ್ಟೆಯ ಕೆಳಗೆ ಹೊಕ್ಕು, ಪಕ್ಕಗಳನ್ನು ಸವರಿಕೊಂಡು ಮತ್ತೆ ಮೇಲಕ್ಕೇರುತ್ತದೆ. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಮೇಳವೊಂದರಲ್ಲಿ ಇಂಥ ಯಂತ್ರವನ್ನು ಮುಂದಿಟ್ಟ ಮೇಲೆ ಏರ್ ಫ್ರೈಯರ್ ಎಂಬ ಮಾತು ಮನೆಮಾತಾಯಿತು. ಎಣ್ಣೆಯಲ್ಲಿ ಮುಳುಗಿದ ತುಂಡಿಗೆ ಎಲ್ಲ ಕಡೆಯಿಂದಲೂ ಒಮ್ಮೆಲೇ ಕಾವು ತಾಗುತ್ತದೆ. ಗಾಳಿಗೆ ಅಷ್ಟು ಶಕ್ತಿಯಿಲ್ಲ; ಎಣ್ಣೆಯಷ್ಟು ಬೇಗ ಕಾವನ್ನು ಅದು ದಾಟಿಸಲಾರದು. ಆದ್ದರಿಂದಲೇ ಜೋರಾಗಿ ಬೀಸಬೇಕು, ಪ್ರತಿ ತುಂಡಿನ ಸುತ್ತಲೂ ಗಾಳಿ ಆಡಲು ಜಾಗ ಇರಬೇಕು. ಎಣ್ಣೆಯಲ್ಲಿ ಕರಿದ ರುಚಿಯನ್ನೇ ಇದರಿಂದ ಬಯಸಿದವರಿಗೆ ನಿರಾಸೆ ಖಂಡಿತ. ಚೆನ್ನಾಗಿ ಸುಟ್ಟ, ಅಂಚು ಗರಿಯಾದ, ಒಳಗೆ ಮೆದುವಾದ ತರಕಾರಿ ಬೇಕೆಂದವರಿಗೆ ಇದು ಒಳ್ಳೆಯ ಸಂಗಾತಿ.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಈ ಯಂತ್ರದ ಗೆಲುವು ಸೋಲೆಲ್ಲ ಅದರಲ್ಲಿದೆ. ತರಕಾರಿಯ ಮೈಮೇಲೆ ತೇವ ಇರುವವರೆಗೆ ಆ ಮೈ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಾಳಿ 200 ಡಿಗ್ರಿ ಇದ್ದರೂ ಅಷ್ಟೇ. ಕೆಂಪು ಬಣ್ಣವನ್ನೂ ಪರಿಮಳವನ್ನೂ ತರುವ ಕ್ರಿಯೆ ಚುರುಕಾಗುವುದು 140 ಡಿಗ್ರಿ ದಾಟಿದ ಮೇಲೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ್ದು ಇದೇ ಕ್ರಿಯೆಯನ್ನು. ಅವನ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಅಂದರೆ ಮೊದಲು ನೀರು ಹೋಗಬೇಕು, ಆಮೇಲೆ ಬಣ್ಣ ಬರಬೇಕು. ಕುದಿಯುವ ಹಂತಕ್ಕೆ ಬಂದ 100 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 226 ಕಿಲೋಜೂಲ್ ಶಕ್ತಿ ಬೇಕು. 1,000 ವ್ಯಾಟಿನ ಕಾಯಿಲ್ ತನ್ನ ಶಕ್ತಿಯಲ್ಲಿ ಒಂದಿಷ್ಟೂ ಪೋಲು ಮಾಡದೆ ಕೊಟ್ಟರೂ ಅದಕ್ಕೆ ಮೂರೂಮುಕ್ಕಾಲು ನಿಮಿಷ ಹಿಡಿಯುತ್ತದೆ. ತೊಳೆದ ಹೂಕೋಸನ್ನು ಹನಿ ಇಳಿಯುತ್ತಿರುವಾಗಲೇ ಬುಟ್ಟಿಗೆ ಸುರಿದರೆ, ಯಂತ್ರ ತನ್ನ ಮೊದಲ ಕೆಲವು ನಿಮಿಷಗಳನ್ನು ಬರೀ ಆ ಹನಿಗಳಿಗೆ ಖರ್ಚು ಮಾಡುತ್ತದೆ. ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದು ಚಮಚ ಎಣ್ಣೆ ಸವರಿ ಹಾಕಿ ನೋಡಿ. ಅದೇ ಯಂತ್ರ ಬೇರೆಯದೇ ಆಗಿ ಕಾಣುತ್ತದೆ.

ಈಗ ಎರಡು ಬುಟ್ಟಿಯ ಲೆಕ್ಕಕ್ಕೆ ಬರೋಣ. ಬುಟ್ಟಿ ಎರಡಾದರೂ ಗೋಡೆಯ ಸಾಕೆಟ್ ಒಂದೇ. 120 ವೋಲ್ಟ್ ವಿದ್ಯುತ್ತಿರುವ ಕಡೆ 15 ಆಂಪಿಯರ್ ಸಾಕೆಟ್ಟಿನಿಂದ ಹೆಚ್ಚೆಂದರೆ 1,800 ವ್ಯಾಟ್ ಎಳೆಯಬಹುದು. 230 ವೋಲ್ಟ್ ಇರುವ ಕಡೆ 2,400 ವ್ಯಾಟಿನ ಯಂತ್ರಗಳು ಬರುತ್ತವೆ. ಎರಡೂ ಬುಟ್ಟಿಗಳು ಒಟ್ಟಿಗೆ ನಡೆಯುವಾಗ ಈ ಶಕ್ತಿ ಹಂಚಿಹೋಗುತ್ತದೆ: 120 ವೋಲ್ಟ್ ಇರುವ ಕಡೆ ಒಂದೊಂದು ಬುಟ್ಟಿಗೆ 900, 230 ವೋಲ್ಟ್ ಇರುವ ಕಡೆ 1,200 ವ್ಯಾಟ್. ಒಂಟಿ ಬುಟ್ಟಿಯ ಸಾಮಾನ್ಯ ಯಂತ್ರಕ್ಕೇ 1,400ರಿಂದ 1,700 ವ್ಯಾಟ್ ಇರುತ್ತದೆ ಎಂಬುದನ್ನು ನೆನೆದರೆ ವ್ಯತ್ಯಾಸ ಅರ್ಥವಾದೀತು. ನಮ್ಮ ಯಂತ್ರದಲ್ಲಿ ಒಂದು ಬುಟ್ಟಿಯನ್ನು ಮಾತ್ರ ನಡೆಸಿದಾಗ ಅರ್ಧ ಕಿಲೋ ಆಲೂಗಡ್ಡೆ 20 ನಿಮಿಷಕ್ಕೆ ಹೊಂಬಣ್ಣಕ್ಕೆ ಬಂತು. ಮರುದಿನ ಎರಡೂ ಬುಟ್ಟಿಗೆ ಅರ್ಧರ್ಧ ಕಿಲೋ ಹಾಕಿ, ಅದೇ 200 ಡಿಗ್ರಿಗೆ ಇಟ್ಟೆ. 20 ನಿಮಿಷಕ್ಕೆ ತೆಗೆದರೆ ತುಂಡುಗಳು ಬೆಂದಿದ್ದವು, ಆದರೆ ಪೇಲವ. ಬಣ್ಣ ಬರಲು ಇನ್ನೂ ಆರು ನಿಮಿಷ ಬೇಕಾಯಿತು. ಯಂತ್ರ ಕೆಟ್ಟಿದೆ ಎಂದು ನಾನು ಮೊದಲು ತಿಳಿದೆ. ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯ ಕೊನೆಯ ಪುಟದಲ್ಲಿ, ಎರಡು ಬುಟ್ಟಿ ಬಳಸಿದಾಗ ಹೊತ್ತು ಹೆಚ್ಚು ಬೇಕು ಎಂದು ಸಣ್ಣ ಅಕ್ಷರದಲ್ಲಿತ್ತು. ಆ ಸಾಲು ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಇರಬೇಕಾದದ್ದು ಎಂದು ನನ್ನ ಅಭಿಪ್ರಾಯ.

ವಿದ್ಯುತ್ ಬಿಲ್ಲಿನ ಚಿಂತೆಯುಳ್ಳವರಿಗೆ ಒಂದು ಸುಲಭ ಲೆಕ್ಕ. 2,400 ವ್ಯಾಟಿನ ಯಂತ್ರ 25 ನಿಮಿಷ ಬಿಡದೆ ಪೂರ್ಣ ಶಕ್ತಿಯಲ್ಲಿ ನಡೆದರೆ ಸರಿಯಾಗಿ ಒಂದು ಯೂನಿಟ್. ಬೇಕಾದ ಕಾವು ಬಂದಾಗಲೆಲ್ಲ ಕಾಯಿಲ್ ಆರುವುದರಿಂದ ನಿಜವಾದ ಖರ್ಚು ಇನ್ನೂ ಕಡಿಮೆ. ಆದರೆ ಇಷ್ಟು ಹೊರೆಯನ್ನು ತೆಳು ತಂತಿಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೇರಬೇಡಿ. ಪ್ಲಗ್ ನೇರವಾಗಿ ಗೋಡೆಗೇ ಹೋಗಬೇಕು.

ಜಾಹೀರಾತಿನಲ್ಲಿ ಎದ್ದು ಕಾಣುವುದು ಲೀಟರಿನ ಸಂಖ್ಯೆ. ಎಂಟು ಲೀಟರ್, ಒಂಬತ್ತು ಲೀಟರ್. ಕೊಳ್ಳುವವರನ್ನು ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಖ್ಯೆ ಇನ್ನೊಂದಿಲ್ಲ. ಲೀಟರ್ ಎಂಬುದು ಬುಟ್ಟಿಯ ಆಳವನ್ನೂ ಸೇರಿಸಿದ ಅಳತೆ. ಆಳಕ್ಕೆ ತುಂಬಿದರೆ ಗಾಳಿ ಆಡುವುದಿಲ್ಲ. ನಿಮಗೆ ಬೇಕಾದದ್ದು ತಳದ ಅಗಲ. ನಮ್ಮ ಎಂಟು ಲೀಟರಿನ ಯಂತ್ರದಲ್ಲಿ ಒಂದೊಂದು ಬುಟ್ಟಿಯ ತಳ 18 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ. ಅಂದರೆ 360 ಚದರ ಸೆಂಟಿಮೀಟರ್, ಎರಡೂ ಸೇರಿ 720. ಅಕ್ಕನ ಮನೆಯಲ್ಲಿರುವ ಆರು ಲೀಟರಿನ ಒಂಟಿ ಬುಟ್ಟಿಯನ್ನು ಟೇಪು ಹಿಡಿದು ಅಳೆದೆ: 24ಕ್ಕೆ 24, ಅಂದರೆ 576. ಒಟ್ಟು ಜಾಗ ನಮ್ಮದೇ ಹೆಚ್ಚು, ಸರಿ. ಆದರೆ ಅಕ್ಕ ಇಡೀ ಕೋಳಿಯನ್ನು ಇಡುತ್ತಾಳೆ, ಅಗಲವಾದ ಮೀನನ್ನು ತಲೆಬಾಲ ಸಮೇತ ಇಡುತ್ತಾಳೆ. ನಮ್ಮದರಲ್ಲಿ ಅದು ಸಾಧ್ಯವೇ ಇಲ್ಲ, ಕತ್ತರಿಸಲೇಬೇಕು. ನಡುವಿನ ಗೋಡೆಯನ್ನು ತೆಗೆದು ಒಂದೇ ದೊಡ್ಡ ಬುಟ್ಟಿ ಮಾಡಿಕೊಳ್ಳುವ ಯಂತ್ರಗಳೂ ಈಗ ಬಂದಿವೆ. ದೊಡ್ಡ ತುಂಡುಗಳ ಅಡುಗೆ ಮಾಡುವ ಮನೆಯವರು ಅವನ್ನು ನೋಡಬಹುದು.

ಹಾಗಾದರೆ ಎರಡು ಬುಟ್ಟಿಯಿಂದ ಬಂದ ಲಾಭವೇನು? ಒಂದು ಸಂಜೆಯ ಅಡುಗೆಯನ್ನು ಹೇಳುತ್ತೇನೆ. ಎಡಗಡೆ ಬುಟ್ಟಿಗೆ ಬೆರಳಿನ ದಪ್ಪಕ್ಕೆ ಹೆಚ್ಚಿದ ಆಲೂಗಡ್ಡೆ, 200 ಡಿಗ್ರಿ, 24 ನಿಮಿಷ. ಬಲಗಡೆಗೆ ಉಪ್ಪು ಮೆಣಸು ಸವರಿದ ಮೀನಿನ ನಾಲ್ಕು ತುಂಡು, 190 ಡಿಗ್ರಿ, 11 ನಿಮಿಷ. ಇಂಥ ಹಲವು ಯಂತ್ರಗಳಲ್ಲಿ ಎರಡನ್ನೂ ಒಟ್ಟಿಗೆ ಮುಗಿಸುವ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದೆ. ಎಡಗಡೆ ಫ್ಯಾನ್ ಮೊರೆಯತೊಡಗಿತು, ಬಲಗಡೆ ಸುಮ್ಮನಿತ್ತು. ಎಡಗಡೆಯ ಸಂಖ್ಯೆ ಇಳಿಯುತ್ತಾ 11ಕ್ಕೆ ಬಂದೊಡನೆ ಬಲಗಡೆಯದೂ ಎಚ್ಚೆತ್ತಿತು. ನಡುವೆ ಒಮ್ಮೆ ಎಡಬುಟ್ಟಿಯನ್ನು ಎಳೆದು ಕುಲುಕಿದೆ. ಮೊದಲ ಬಾರಿ ಕುಲುಕುವಾಗ ತುಂಡುಗಳು ಒದ್ದೆ ಕಲ್ಲಿನಂತೆ ಮಂದವಾಗಿ ಉರುಳುತ್ತವೆ. ಹದ ಹತ್ತಿರ ಬಂದಾಗ ಒಣ ಕಡ್ಡಿಗಳಂತೆ ಗಲಗಲ ಎನ್ನುತ್ತವೆ. ಕಿವಿಗೆ ಆ ಸದ್ದು ಅಭ್ಯಾಸವಾದ ಮೇಲೆ ಟೈಮರಿನ ಕಡೆ ಅಷ್ಟಾಗಿ ನೋಡಬೇಕಾಗುವುದಿಲ್ಲ. ಎರಡೂ ಒಂದೇ ಸಲ ಮುಗಿದವು. ಆಲೂಗಡ್ಡೆಯ ಅಂಚು ಮುರಿದಾಗ ಸದ್ದು ಬಂತು, ಮೀನಿನ ಪದರದಿಂದ ಇನ್ನೂ ಹಬೆ ಏಳುತ್ತಿತ್ತು. ನಾನೂ ಎಲ್ಲರ ಜೊತೆ ಕುಳಿತೆ. ಹೆಚ್ಚು ಕೊಟ್ಟ ಹಣ ಅಂದು ನನಗೆ ಸಾರ್ಥಕ ಎನಿಸಿತು.

ನಮ್ಮ ಮನೆಗೆ ಇನ್ನೊಂದು ಅನುಕೂಲವೂ ಆಯಿತು. ಅತ್ತೆಯವರಿಗೆ ಹಲ್ಲಿನ ತೊಂದರೆ, ತರಕಾರಿ ಮೆತ್ತಗೆ ಬೇಕು. ಮಗಳಿಗೆ ಅಂಚು ಕಪ್ಪಾಗುವಷ್ಟು ಗರಿಗರಿ ಬೇಕು. ಒಂದೇ ಕ್ಯಾರೆಟ್ಟನ್ನು ಒಂದು ಕಡೆ 160 ಡಿಗ್ರಿಯಲ್ಲಿ, ಇನ್ನೊಂದು ಕಡೆ 200ರಲ್ಲಿ ಇಡುತ್ತೇನೆ. ಮಾಂಸ ತಿನ್ನುವವರೂ ತಿನ್ನದವರೂ ಒಟ್ಟಿಗಿರುವ ಮನೆಯಲ್ಲಿ ಬುಟ್ಟಿಗಳನ್ನೇ ಬೇರೆಬೇರೆಯಾಗಿ ಇಟ್ಟುಕೊಳ್ಳಬಹುದು. ಇದು ಯಾವ ಜಾಹೀರಾತಿನಲ್ಲೂ ನನ್ನ ಕಣ್ಣಿಗೆ ಬೀಳದ ಉಪಯೋಗ, ಆದರೆ ನನ್ನ ಮಟ್ಟಿಗೆ ದೊಡ್ಡದು.

ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿವೆ. ಒಂದು ಬುಟ್ಟಿ ತನ್ನ ಸರದಿಗಾಗಿ ಕಾಯುತ್ತಿರುವಾಗ ಅದರೊಳಗಿನ ಹಸಿ ಮೀನು, ಹಸಿ ಕೋಳಿ ಪಕ್ಕದ ಬುಟ್ಟಿಯ ಬೆಚ್ಚಗಿನಲ್ಲೇ ಕುಳಿತಿರುತ್ತದೆ. ಹತ್ತು ಹದಿನೈದು ನಿಮಿಷವಾದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ನಾನು ಅದನ್ನು ಫ್ರಿಜ್ಜಿನಲ್ಲೇ ಇಟ್ಟು, ಹೊತ್ತಿಗೆ ಸರಿಯಾಗಿ ಕೈಯಾರೆ ಹಾಕುತ್ತೇನೆ. ಕೋಳಿಯ ವಿಷಯದಲ್ಲಿ ಬಣ್ಣವನ್ನು ನಂಬಬೇಡಿ. ಹೊರಗೆ ಕೆಂಪಗಾಗಿದ್ದರೂ ಮೂಳೆಯ ಪಕ್ಕ ಹಸಿ ಉಳಿದಿರಬಹುದು. ಚುಚ್ಚಿ ನೋಡುವ ಥರ್ಮಾಮೀಟರ್ ನಡುವಿನಲ್ಲಿ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಬುಟ್ಟಿಯಲ್ಲಿ ಹಾಸುವ ಕಾಗದವನ್ನು ಖಾಲಿ ಬುಟ್ಟಿಯಲ್ಲಿಟ್ಟು ಯಂತ್ರ ಚಾಲೂ ಮಾಡಬಾರದು. ಮೇಲೆ ಭಾರವಿಲ್ಲದಿದ್ದರೆ ಗಾಳಿಗೆ ಹಾರಿ ಕಾಯಿಲ್ಲಿಗೆ ತಗಲುತ್ತದೆ, ಹೊತ್ತಿಕೊಳ್ಳುತ್ತದೆ. ನೀರಾದ ಹಿಟ್ಟಿನಲ್ಲಿ ಅದ್ದಿದ್ದು ಇದರಲ್ಲಿ ಆಗದು. ಹಿಟ್ಟು ಗಟ್ಟಿಯಾಗುವ ಮೊದಲೇ ತೂತುಗಳಿಂದ ಕೆಳಗಿಳಿದಿರುತ್ತದೆ. ಅದಕ್ಕೆ ಬಾಣಲೆಯೇ ಬೇಕು.

ಆರೋಗ್ಯದ ಬಗ್ಗೆಯೂ ಒಂದು ಮಾತು. ಎಣ್ಣೆ ಬಹಳಷ್ಟು ಉಳಿತಾಯವಾಗುತ್ತದೆ ಎಂಬುದು ನಿಜ. ಆದರೆ ಗಾಳಿಯಲ್ಲಿ ಬೆಂದದ್ದೆಲ್ಲ ನಿರಪಾಯ ಎಂದು ಭಾವಿಸಬಾರದು. ಪಿಷ್ಟವಿರುವ ಪದಾರ್ಥಗಳು 120 ಡಿಗ್ರಿಗಿಂತ ಹೆಚ್ಚು ಕಾವಿನಲ್ಲಿ ಕಂದಿದಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರಿಗೆ ಕಾರಣವಾಗಿರುವುದು ಕಂಡುಬಂದಿದೆ. ಏರ್ ಫ್ರೈಯರ್‌ನಲ್ಲಿಯೂ ಅದು ಹುಟ್ಟುತ್ತದೆ. ಹೆಚ್ಚಿದ ಆಲೂಗಡ್ಡೆಯನ್ನು 15ರಿಂದ 30 ನಿಮಿಷ ನೀರಿನಲ್ಲಿ ನೆನೆಸಿ, ಚೆನ್ನಾಗಿ ಒರೆಸಿ ಹಾಕಿದರೆ ಪ್ರಮಾಣ ಕಡಿಮೆಯಾಗುತ್ತದೆ. ಹೊಂಬಣ್ಣಕ್ಕೆ ಬಂದಾಗಲೇ ತೆಗೆಯಿರಿ, ಕಂದು ಬಣ್ಣಕ್ಕೆ ಬಿಡಬೇಡಿ. ಮಗಳ ಕಪ್ಪು ಅಂಚಿನ ಆಸೆಯನ್ನು ಕ್ಯಾರೆಟ್ಟಿನಲ್ಲಷ್ಟೇ ಪೂರೈಸುತ್ತೇನೆ, ಆಲೂಗಡ್ಡೆಯಲ್ಲಿ ಒಪ್ಪುವುದಿಲ್ಲ.

ಇನ್ನು ಗುಂಡಿಗಳು. ಆರು ಬಗೆ, ಎಂಟು ಬಗೆ, ಹನ್ನೆರಡು ಬಗೆಯ ಅಡುಗೆ ಎಂದು ಬರೆದಿರುತ್ತಾರೆ. ಎಲ್ಲವೂ ಕಾವು ಮತ್ತು ಫ್ಯಾನಿನ ವೇಗದ ಬೇರೆಬೇರೆ ಜೋಡಿಗಳು. ಅವುಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಅದಕ್ಕಿಂತ, ಒಂದು ಬುಟ್ಟಿಯನ್ನು ಹೊರಗೆಳೆದಾಗ ಇನ್ನೊಂದು ನಡೆಯುತ್ತಲೇ ಇರುತ್ತದೆಯೇ ಎಂದು ಕೇಳಿ ತಿಳಿಯಿರಿ. ಕೆಲವು ಯಂತ್ರಗಳಲ್ಲಿ ಒಟ್ಟಿಗೆ ಮುಗಿಸುವ ಗುಂಡಿ ಒತ್ತಿದ್ದರೆ ಎರಡೂ ನಿಂತುಬಿಡುತ್ತವೆ. ಕಟ್ಟೆಯ ಮೇಲೆ ಎಷ್ಟು ಜಾಗ ಬೇಕೆಂದು ಅಳೆಯುವಾಗ ಹಿಂದೆ ಬಿಸಿಗಾಳಿ ಹೋಗಲು ಒಂದು ಗೇಣು ಸೇರಿಸಿಕೊಳ್ಳಿ, ಮುಂದೆ ಬುಟ್ಟಿ ಪೂರ್ತಿ ಹೊರಬರಲು ಇನ್ನಷ್ಟು. ದಿನವೂ ಕಪಾಟಿನಿಂದ ಇಳಿಸಿ ಮತ್ತೆ ಏರಿಸಬೇಕಾದ ಯಂತ್ರ ಹದಿನೈದು ದಿನಕ್ಕೆ ಮೂಲೆ ಸೇರುತ್ತದೆ. ಇವುಗಳ ತೂಕ ಕಡಿಮೆಯಲ್ಲ.

ತೊಳೆಯುವ ಕೆಲಸ ಎರಡರಷ್ಟಾಗುತ್ತದೆ. ಎರಡು ಬುಟ್ಟಿ, ಎರಡು ತೂತಿನ ತಟ್ಟೆ. ಊಟಕ್ಕೆ ಕೂರುವ ಮೊದಲೇ ಬಿಸಿ ಬುಟ್ಟಿಗೆ ಬಿಸಿ ನೀರು, ಎರಡು ಹನಿ ಸೋಪು ಹಾಕಿಟ್ಟರೆ ಆಮೇಲೆ ಮೆತ್ತನೆಯ ಬ್ರಷ್ ಸಾಕು. ಬಿಸಿ ಬುಟ್ಟಿಗೆ ತಣ್ಣೀರು ಸುರಿಯಬೇಡಿ, ಲೇಪ ಬಿರುಕು ಬಿಡುತ್ತದೆ. ತಂತಿಯ ಉಜ್ಜು ಬೇಡವೇ ಬೇಡ. ತಟ್ಟೆಯ ನಾಲ್ಕು ಮೂಲೆಯಲ್ಲಿ ರಬ್ಬರಿನಂಥ ಸಣ್ಣ ಕಾಲುಗಳಿರುತ್ತವೆ. ಜಿಡ್ಡೆಲ್ಲ ಸೇರುವುದು ಅವುಗಳ ಅಡಿಯಲ್ಲಿ, ವಾರಕ್ಕೊಮ್ಮೆ ಕಳಚಿ ತೊಳೆಯಬೇಕು. ನಾನು ಹಾಗೆ ತೊಳೆಯುವಾಗ ಒಂದು ಕಾಲು ಮೋರಿಯ ಪಾಲಾಯಿತು. ಅಂದಿನಿಂದ ತಟ್ಟೆ ಕುಲುಕಿದಾಗಲೆಲ್ಲ ಬುಟ್ಟಿಯ ಲೇಪಕ್ಕೆ ತಾಗಿ ಗೀರು ಬೀಳತೊಡಗಿತು. ಬಿಡಿಯಾಗಿ ಆ ಕಾಲುಗಳನ್ನು ತಯಾರಕರು ಮಾರುವುದಿಲ್ಲ, ಇಡೀ ತಟ್ಟೆಯನ್ನೇ ಕೊಳ್ಳಿ ಎಂದರು. ಕೊಳ್ಳುವ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು: ಬುಟ್ಟಿ, ತಟ್ಟೆ, ಕಾಲು, ಇವು ಬಿಡಿಯಾಗಿ ಸಿಗುತ್ತವೆಯೇ, ಎಷ್ಟು ವರ್ಷ ಸಿಗುತ್ತವೆ? ನೀವು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ನಮಸ್ಕಾರ.