ಮಾತ್ರೆಯೊಳಗೆ ಸೋಪಿನ ನೆಂಟ

ಕೇಳುಗರಿಗೆ ನಮಸ್ಕಾರ.

ಜಾಮೂನಿನ ಪಾಕಕ್ಕೆ ಮನೆಯ ಹಿರಿಯರು ನಾಲ್ಕು ಹನಿ ನಿಂಬೆರಸ ಹಿಂಡುತ್ತಾರೆ. ಸಕ್ಕರೆ ಹರಳುಗಟ್ಟದಿರಲಿ ಎಂದು. ಔಷಧ ತಯಾರಿಸುವವರನ್ನೂ ಕಾಡುವುದು ಈ ಹರಳೇ.

ಎಚ್‌ಐವಿಗೆ ಕೊಡುವ ರಿಟೊನಾವಿರ್ 1996ರಲ್ಲಿ ಕ್ಯಾಪ್ಸೂಲಾಗಿ ಬಂತು. ಎರಡೇ ವರ್ಷದಲ್ಲಿ ಅದರೊಳಗೆ, ಅದುವರೆಗೆ ಯಾರೂ ಕಂಡಿರದ ಹೊಸ ಬಗೆಯ ಹರಳು ಹುಟ್ಟಿಕೊಂಡಿತು. ಹಳೆಯದಕ್ಕಿಂತ ಬಹಳ ಕಡಿಮೆ ಕರಗುವ ಹರಳು. ಕರಗದ ಔಷಧ ರಕ್ತ ಸೇರುವುದಾದರೂ ಹೇಗೆ? ಆ ಕ್ಯಾಪ್ಸೂಲನ್ನು ಹಿಂತೆಗೆದುಕೊಳ್ಳಬೇಕಾಯಿತು. ದಿನವೂ ಅದನ್ನೇ ನಂಬಿದ್ದ ರೋಗಿಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

2005ರಲ್ಲಿ ಲೊಪಿನಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧದ ಜೊತೆ ಅದೇ ರಿಟೊನಾವಿರ್ ಮಾತ್ರೆಯಾಗಿ ಬಂತು. ಈ ಸಲ ಔಷಧವನ್ನು ಕೊಪೊವಿಡೋನ್ ಎಂಬ ಪಾಲಿಮರಿನೊಂದಿಗೆ, ಅಂದರೆ ಉದ್ದ ಎಳೆಗಳಂಥ ಅಣುಗಳ ಪದಾರ್ಥದೊಂದಿಗೆ, ಬಿಸಿಮಾಡಿ ಬೆರೆಸಿ, ಶ್ಯಾವಿಗೆ ಒತ್ತಿದ ಹಾಗೆ ಯಂತ್ರದಿಂದ ಹೊರತೆಗೆದರು. ಆರಿದಾಗ ಅದು ಗಾಜಿನಂಥ ಘನ. ಔಷಧದ ಅಣುಗಳು ಸಾಲುಗಟ್ಟದೆ ಪಾಲಿಮರಿನ ಎಳೆಗಳ ನಡುವೆ ಚದುರಿ ನಿಂತಿರುತ್ತವೆ. ಇದರಲ್ಲಿ ಇನ್ನೊಂದು ಪದಾರ್ಥವೂ ಇತ್ತು: ಸಾರ್ಬಿಟಾನ್ ಲಾರೇಟ್. ಒಂದು ತುದಿಗೆ ನೀರು ಪ್ರಿಯ, ಇನ್ನೊಂದಕ್ಕೆ ಎಣ್ಣೆ. ನಮ್ಮ ಸೋಪಿನ ನೆಂಟ, ಅಂದರೆ ಸರ್ಫ್ಯಾಕ್ಟೆಂಟ್.

ಈ ನೆಂಟ ಎಳೆಗಳ ನಡುವೆ ನುಸುಳಿ ಬಿಗಿಯನ್ನು ಸಡಿಲಿಸುತ್ತಾನೆ. ಮಿಶ್ರಣ ಕಡಿಮೆ ಶಾಖಕ್ಕೇ ಮೆದುವಾಗುತ್ತದೆ, ಔಷಧ ಕೆಡುವ ಭಯ ತಗ್ಗುತ್ತದೆ. ಹೊಟ್ಟೆ ಸೇರಿದ ಮೇಲೆ ನೀರು ಬೇಗ ಹಿಡಿಯುತ್ತದೆ, ಔಷಧ ಅತಿ ಸೂಕ್ಷ್ಮ ಕಣಗಳಾಗಿ ಹರಡುತ್ತದೆ.

ಆದರೆ ಆ ಸಡಿಲವೇ ಡಬ್ಬಿಯೊಳಗೆ ಅಪಾಯ. ಎಳೆ ಸಡಿಲವಾದಷ್ಟೂ ಔಷಧದ ಅಣುವಿಗೂ ಓಡಾಟ ಸುಲಭ. ಓಡಾಡಿದವು ಒಂದನ್ನೊಂದು ಕಂಡುಕೊಂಡು ಹರಳಾಗುತ್ತವೆ. ಔಷಧ ಪಾಲಿಮರಿಗೆ ಹೈಡ್ರೋಜನ್ ಬಂಧದಿಂದ, ಅಂದರೆ ಅಣುಗಳ ನಡುವಿನ ಒಂದು ಬಗೆಯ ಸೆಳೆತದಿಂದ, ಅಂಟಿಕೊಳ್ಳುವ ಜಾಗವನ್ನು ಸರ್ಫ್ಯಾಕ್ಟೆಂಟ್ ಆಕ್ರಮಿಸಿದರಂತೂ ಔಷಧಕ್ಕೆ ಹಿಡಿಯೇ ತಪ್ಪುತ್ತದೆ. ಗಾಳಿಯ ತೇವವೂ ಎಳೆಗಳನ್ನು ಹೀಗೇ ಸಡಿಲಿಸುತ್ತದೆ, ಮಳೆಗಾಲದಲ್ಲಿ ಎರಡೂ ಕೂಡಿಬಿಡಬಹುದು. ಒಂದು ಔಷಧಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಯಾವ ಸರ್ಫ್ಯಾಕ್ಟೆಂಟ್, ಎಷ್ಟು ಎಂಬುದನ್ನು ಪ್ರತಿ ಮಿಶ್ರಣಕ್ಕೂ ಹೊಸದಾಗಿಯೇ ಪರೀಕ್ಷಿಸಬೇಕು. ತಿಂಗಳುಗಟ್ಟಲೆ ಬಿಸಿಯಲ್ಲಿ, ತೇವದಲ್ಲಿ ಇಟ್ಟು ಎಕ್ಸ್‌ರೇ ಹಾಯಿಸುತ್ತಾರೆ. ಮೂಡುವ ಗ್ರಾಫಿನಲ್ಲಿ ಅಗಲವಾದ ದಿಬ್ಬ ಕಂಡರೆ ಗಾಜು ಉಳಿದಿದೆ. ಚೂಪಾದ ಶಿಖರ ಎದ್ದರೆ ಹರಳು ಬಂದಿದೆ.

ರಿಟೊನಾವಿರ್ ಮಾತ್ರೆಯಲ್ಲಿ ಈ ಹದ ಸಿಕ್ಕಿತು. ಲೊಪಿನಾವಿರ್ ಜೊತೆಗಿನ ಹಳೆಯ ಮೆದು ಕ್ಯಾಪ್ಸೂಲನ್ನು ಫ್ರಿಜ್ಜಿನಲ್ಲಿ ಕಾಪಾಡಬೇಕಿತ್ತು, ದಿನಕ್ಕೆ ಆರು ನುಂಗಬೇಕಿತ್ತು. ಹೊಸ ಮಾತ್ರೆ ನಾಲ್ಕೇ ಸಾಕು. ಕರೆಂಟಿಲ್ಲದ ಊರಿನವರೂ ಅದನ್ನು ಮನೆಯ ಗೂಡಿನಲ್ಲೇ ಇಟ್ಟುಕೊಳ್ಳಬಹುದು.