ಒತ್ತಕ್ಷರಕ್ಕೂ ಜಾಗ ಬೇಕು: ಡಿಸೈನ್ ಪಾಠದ ಬಗ್ಗೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ.

ಡಿಸೈನ್ ಕಲಿಸುವ ಮೇಷ್ಟ್ರು ಸಿಕ್ಕರೆ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಒಂದೇ. "ಸರ್, ನಮ್ಮ ಮಗಳು ಯಾವ ಸಾಫ್ಟ್‌ವೇರ್ ಕಲಿತರೆ ಕೆಲಸ ಸಿಗುತ್ತೆ?" ಇವತ್ತು ಮುಂಬೈಯ ಮಾಟುಂಗಾ ಸ್ಟೇಷನ್ನಿಂದ ಈ ಸಭಾಂಗಣಕ್ಕೆ ನಡೆದು ಬರುವಷ್ಟರಲ್ಲೇ ಇಬ್ಬರು ಕೇಳಿದರು. ಆ ಪ್ರಶ್ನೆಯ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ನಾಲ್ಕು ವರ್ಷ ಫೀಸು ಕಟ್ಟಿ ಓದಿಸುತ್ತೀರಿ. ಹುಡುಗಿ ಹೊರಗೆ ಬರುವ ಹೊತ್ತಿಗೆ ಕಲಿತದ್ದೆಲ್ಲ ಹಳೆಯದಾಗಿದ್ದರೆ ಏನು ಗತಿ?

ಹಾಗೆ ಆಗುತ್ತದೆ. ನನ್ನ ಕಣ್ಣೆದುರೇ ಆಗಿದೆ. ಇದೇ ಊರಿನ ಒಂದು ಕಾಲೇಜಿನಲ್ಲಿ ನಾನು ಫ್ಲ್ಯಾಶ್ ಕಲಿಸುತ್ತಿದ್ದೆ, ವೆಬ್‌ಸೈಟಿನಲ್ಲಿ ಚಿತ್ರಗಳು ಓಡಾಡುವಂತೆ ಮಾಡುತ್ತಿದ್ದ ಸಾಫ್ಟ್‌ವೇರ್ ಅದು. ಐಫೋನಿನಲ್ಲಿ ಫ್ಲ್ಯಾಶ್‌ಗೆ ಯಾಕೆ ಜಾಗ ಇಲ್ಲ ಅಂತ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 2010ರಲ್ಲೇ ಬಹಿರಂಗ ಪತ್ರ ಬರೆದಿದ್ದರು. 2017ರಲ್ಲಿ ಫ್ಲ್ಯಾಶ್‌ನ ಒಡೆಯರಾದ ಅಡೋಬಿ ಕಂಪನಿಯೇ ಇದನ್ನು ನಿಲ್ಲಿಸುತ್ತೇವೆ ಎಂದಿತು. 2020ರ ಡಿಸೆಂಬರ್ 31ಕ್ಕೆ ಅದರ ಕಥೆ ಮುಗಿಯಿತು. ನಮ್ಮ ಸಿಲೆಬಸ್‌ನಲ್ಲಿ 2018ರಲ್ಲೂ ಫ್ಲ್ಯಾಶ್ ಪೇಪರ್ ಇತ್ತು! ತೆಗೆಯೋಣ ಎಂದರೆ ಫೈಲು ಒಂದು ಸಮಿತಿಯಿಂದ ಇನ್ನೊಂದಕ್ಕೆ ಅಲೆಯಬೇಕು. ಆ ಮೇಜಿನ ಸುತ್ತ ಕೂತವರಲ್ಲಿ ಈಚೆಗೆ ಒಂದು ಸ್ಟುಡಿಯೋದ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ. ಆ ಬ್ಯಾಚಿನ ಮಕ್ಕಳು ಇಂಟರ್‌ವ್ಯೂಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದರು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಾಗಂತ ಪ್ರತಿ ವರ್ಷ ಹೊಸ ಸಾಫ್ಟ್‌ವೇರ್ ಹಿಂದೆ ಓಡಿದರೆ ಸರಿಹೋಗುತ್ತದಾ? ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಪೇಜ್‌ಮೇಕರ್ ಬಂದದ್ದು 1985ರಲ್ಲಿ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕೈಗಳು ಕೀಬೋರ್ಡಿಗೆ ಬಂದವು. ಆಮೇಲೆ ಕೋರೆಲ್‌ಡ್ರಾ, ಫೋಟೋಶಾಪ್, ಫಿಗ್ಮಾ. ಈಗ ಒಂದು ಸಾಲು ಬರೆದರೆ ಚಿತ್ರ ಮಾಡಿಕೊಡುವ ಎಐ. ನಾವು ಇವುಗಳ ಬೆನ್ನು ಹತ್ತಿದರೆ ಯಾವತ್ತೂ ಒಂದು ಹೆಜ್ಜೆ ಹಿಂದೆಯೇ. ಮಗುವಿಗೆ ಸಾಫ್ಟ್‌ವೇರ್ ಕಲಿಸಿ, ಖಂಡಿತ ಕಲಿಸಿ. ಆದರೆ ಅದಕ್ಕೆ ಒಂದು ತಿಂಗಳು ಸಾಕು. ಈಗಿನ ಮಕ್ಕಳು ಯೂಟ್ಯೂಬ್ ನೋಡಿ ಅದಕ್ಕಿಂತ ಬೇಗ ಕಲಿಯುತ್ತಾರೆ. ವರ್ಷ ವರ್ಷ ಬದಲಾಗಬೇಕಾದದ್ದು ಬೇರೆ. ಮಕ್ಕಳಿಗೆ ಯಾವ ಕೆಲಸ ಕೊಡುತ್ತೇವೆ ಅನ್ನುವುದು ಒಂದು. ಪಾಠ ಹೇಳುವವರು ಎಲ್ಲಿ ನಿಂತು ಹೇಳುತ್ತಾರೆ ಅನ್ನುವುದು ಇನ್ನೊಂದು.

ಕೆಲಸದ ವಿಷಯ ಮೊದಲು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಡಿಸೈನರ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಡಿಸೈನ್ ಸಂಸ್ಥೆ ಎನ್‌ಐಡಿಗೆ ಅದೇ ಬುನಾದಿ. ಇಡೀ ದೇಶ ಸುತ್ತಿದ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಏನು ಗೊತ್ತಾ? ಚೊಂಬು. ನಮ್ಮ ಬಚ್ಚಲಿನಲ್ಲಿ, ಬಾವಿಕಟ್ಟೆಯಲ್ಲಿ ಇರುತ್ತಿತ್ತಲ್ಲ, ಅದೇ. ಎಷ್ಟು ನೀರು ಹಿಡಿಯಬೇಕು? ಹೊರುವ ಕೈ ಎಷ್ಟು ದೊಡ್ಡದು? ಸೊಂಟದ ಮೇಲೋ, ತಲೆಯ ಮೇಲೋ? ಕಲ್ಲಿನ ಮೇಲೆ ಇಟ್ಟಾಗ ಸದ್ದು ಹೇಗಿರುತ್ತದೆ? ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಆರು ದಶಕ ದಾಟಿದರೂ ಅದರಲ್ಲಿ ಒಂದು ಪ್ರಶ್ನೆಯೂ ಹಳೆಯದಾಗಿಲ್ಲ. ನಾನು ಮೊದಲ ವರ್ಷದ ಮಕ್ಕಳ ಕೈಗೆ ಇವತ್ತಿಗೂ ಒಂದು ಹಿತ್ತಾಳೆ ಚೊಂಬು ಕೊಡುತ್ತೇನೆ. ಎರಡನೇ ವಾರ ಅದರ ಜಾಗದಲ್ಲಿ ಮೊಬೈಲ್ ಕೊಡುತ್ತೇನೆ, ಪ್ರಶ್ನೆಗಳು ಅವೇ.

ಮೂರನೇ ವರ್ಷದ ಒಬ್ಬ ಹುಡುಗಿ ಒಂದು ಖಾನಾವಳಿಯಿಂದ ಊಟ ತರಿಸುವ ಆ್ಯಪ್ ಮಾಡುತ್ತಿದ್ದಳು. ಮರಾಠಿ ಮನೆಯವಳು, ಕನ್ನಡ ಓದಲು ಬರುವುದಿಲ್ಲ. ಆದರೆ ಆ ಖಾನಾವಳಿಗೆ ಕನ್ನಡದ ಹಿರಿಯರು ಜಾಸ್ತಿ ಬರುತ್ತಾರೆ ಅಂತ ಕನ್ನಡದ ಮೆನುವೂ ಹಾಕಿದ್ದಳು. ಕ್ಲಾಸಿನ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲಿಗೇ ಬಿಟ್ಟಿದ್ದರೆ ಒಳ್ಳೆಯ ಮಾರ್ಕ್ಸೂ ಬರುತ್ತಿತ್ತು. ಅವಳು ಫೋನು ಹಿಡಿದು ಖಾನಾವಳಿಗೆ ಹೋದಳು. ಕುಂದಾಪುರ ಕಡೆಯ ಒಬ್ಬ ಅಜ್ಜಿ ಕನ್ನಡಕ ಏರಿಸಿ ನೋಡಿ, "ಇದೆಂತ ಮಗಾ, ಅನ?" ಎಂದರಂತೆ.

ಬಟನ್ನಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಅದು ಕತ್ತರಿಸಿ ಹೋಗಿ ಅನ್ನ 'ಅನ' ಆಗಿತ್ತು, ಚಟ್ನಿ 'ಚಟಿ' ಆಗಿತ್ತು. ಓದಲು ಬಾರದವಳಿಗೆ ಅದು ಗೊತ್ತಾಗುವುದಾದರೂ ಹೇಗೆ? ಮಾರನೇ ದಿನ ಗ್ರಾಫ್ ಕಾಗದದ ಮೇಲೆ 'ರಾಷ್ಟ್ರ', 'ಸ್ವಾತಂತ್ರ್ಯ' ಅಂತ ದೊಡ್ಡದಾಗಿ ಬರೆಸಿಕೊಂಡಳು. ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದರೆ ಎಷ್ಟು ಮನೆ ಕೆಳಗೆ ಹೋಗುತ್ತದೆ ಅಂತ ಪೆನ್ಸಿಲಿನಲ್ಲಿ ಎಣಿಸಿದಳು. ಸಾಲುಗಳ ನಡುವೆ ಜಾಗ ಬಿಟ್ಟು, ಬಟನ್ ಎತ್ತರಿಸಿ, ಮತ್ತೆ ಅಜ್ಜಿಯ ಹತ್ತಿರ ಹೋದಳು. ಇದು ಯಾವ ಪೇಪರಿನ ಪಠ್ಯದಲ್ಲೂ ಇರಲಿಲ್ಲ.

ಅದೇ ಹುಡುಗಿ ಎಐಗೆ ಖಾನಾವಳಿಯ ಬೋರ್ಡು ಮಾಡಿಕೊಡು ಎಂದಳು. ಬಣ್ಣ ಚೆಂದ ಬಂತು. ಅಕ್ಷರ ಮಾತ್ರ ದೂರದಿಂದ ಕನ್ನಡ, ಹತ್ತಿರ ಹೋದರೆ ಬರೀ ಸುರುಳಿ ಗೀಟು. ಇವತ್ತಲ್ಲ ನಾಳೆ ಅದೂ ಸರಿಹೋಗುತ್ತದೆ ಬಿಡಿ. ನಾನು ಎಐಯನ್ನು ಕ್ಲಾಸಿನಿಂದ ಹೊರಗೆ ಇಡುವುದಿಲ್ಲ. ಮೇಜಿನ ಮೇಲೆ ಇಟ್ಟು, ಇದರಲ್ಲಿ ಏನು ತಪ್ಪಿದೆ ಅಂತ ಕೇಳುತ್ತೇನೆ. ತಪ್ಪು ಹಿಡಿಯಬೇಕಾದರೆ ಮೊದಲು ಅಜ್ಜಿಯ ಎದುರು ಕೂತಿರಬೇಕು ತಾನೇ?

ಇನ್ನು ಮೇಷ್ಟ್ರ ವಿಷಯ. ವಿಂಡೋಸ್ ಜೊತೆ ಬರುತ್ತಿದ್ದ ತುಂಗಾ ಅನ್ನುವ ಕನ್ನಡ ಫಾಂಟು ನಿಮಗೆ ಗೊತ್ತು. ಅದರ ಹಿಂದೆ ಇದ್ದವರು ಇದೇ ಮುಂಬೈಯ ಆರ್.ಕೆ. ಜೋಶಿ. ವರ್ಷಗಟ್ಟಲೆ ಜಾಹೀರಾತು ಕಂಪನಿಯಲ್ಲಿ ದುಡಿದು, ಆಮೇಲೆ ಪವಯಿಯ ಐಐಟಿಯ ಡಿಸೈನ್ ವಿಭಾಗ ಐಡಿಸಿಯಲ್ಲಿ ಪಾಠ ಹೇಳಿದರು. ಕೆಲಸ ಮಾಡಿದ ಕೈಯೇ ಕಲಿಸಿತು, ಕಲಿಸಿದ ಮೇಲೂ ಕೆಲಸ ಬಿಡಲಿಲ್ಲ. ನಮಗೆ ಬೇಕಾದದ್ದು ಅದು.

ಇದಕ್ಕೆ ಈಗ ದಾರಿಯೂ ಇದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಒಂದು ಹುದ್ದೆ ತಂದಿತು. ಪಿಎಚ್‌ಡಿ ಇಲ್ಲದಿದ್ದರೂ ಕಸುಬಿನಲ್ಲಿ ನುರಿತವರನ್ನು ಮಂಜೂರಾದ ಹುದ್ದೆಗಳ ನೂರಕ್ಕೆ 10ರವರೆಗೆ ತೆಗೆದುಕೊಳ್ಳಬಹುದು. ಒಳ್ಳೆಯದೇ. ಆದರೆ ಇದು ಹೊರಗಿನವರನ್ನು ಒಳಗೆ ಕರೆಯುವ ಮಾತಾಯಿತು. ಒಳಗಿರುವ ನಮ್ಮನ್ನು ಹೊರಗೆ ಕಳಿಸುವವರು ಯಾರು? ನಾಲ್ಕು ವರ್ಷಕ್ಕೊಮ್ಮೆ ಆರು ತಿಂಗಳು, ಸಂಬಳ ಕೊಟ್ಟು, ಮೇಷ್ಟ್ರುಗಳನ್ನು ಸ್ಟುಡಿಯೋಗೆ ಕಳಿಸಿ ಅಂತ ನಾನು ಕೇಳುತ್ತಲೇ ಇದ್ದೇನೆ. ಅಲ್ಲಿ ಡೆಡ್‌ಲೈನಿಗೆ ಕೂತು, ಗಿರಾಕಿಯ ಹತ್ತಿರ ಮಾತು ಕೇಳಿಸಿಕೊಂಡು ಬಂದವರ ಪಾಠವೇ ಬೇರೆ.

ನಿಮ್ಮಲ್ಲಿ ಹೋಟೆಲ್ ನಡೆಸುವವರಿದ್ದೀರಿ, ಪ್ರೆಸ್ ಇಟ್ಟವರಿದ್ದೀರಿ, ಅಂಗಡಿ, ಕ್ಲಿನಿಕ್ ಇರುವವರೂ ಇದ್ದೀರಿ. ಜೂನ್ ತಿಂಗಳಲ್ಲಿ ನಮ್ಮ ಕ್ಲಾಸು ಶುರುವಾಗುತ್ತದೆ. ನಿಮ್ಮ ಮೆನು, ನಿಮ್ಮ ಬೋರ್ಡು, ನಿಮ್ಮ ಔಷಧಿ ಚೀಟಿ, ಯಾವುದು ಜನರಿಗೆ ತಿಳಿಯುತ್ತಿಲ್ಲವೋ ಅದನ್ನು ಮಕ್ಕಳಿಗೆ ಕೊಡಿ. ನಾಲ್ಕು ಜನ ಬಂದು ಒಂದು ತಿಂಗಳು ನಿಮ್ಮ ಗಲ್ಲಾದ ಪಕ್ಕ ನಿಂತು ನೋಡುತ್ತಾರೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತ ಅವರ ಮುಖಕ್ಕೇ ಹೇಳಿ. ಮಾತು ಮುಗಿದ ಮೇಲೆ ನಾನು ಇಲ್ಲೇ ಬಾಗಿಲ ಹತ್ತಿರ ಪುಸ್ತಕ ಹಿಡಿದು ನಿಂತಿರುತ್ತೇನೆ, ಹೆಸರು ಬರೆಸಿ ಹೋಗಿ.