ಘಾಟಿ ಇಳಿಯುವ ಹಳೆಯ ಲಾರಿಗೆ ಯಾವ ಬ್ರೇಕ್?

ಲಾರಿ ಮಾಲಕರೇ, ಚಾಲಕ ಮಿತ್ರರೇ, ಗ್ಯಾರೇಜಿನ ಒಡನಾಡಿಗಳೇ,

ಬೈಕಂಪಾಡಿಯ ನನ್ನ ಗ್ಯಾರೇಜಿಗೆ ಈಚೆಗೆ ಒಬ್ಬ ಮಾಲಕರು ತಮ್ಮ ಹಳೆಯ ಲಾರಿಯನ್ನು ತಂದು ನಿಲ್ಲಿಸಿದರು. ‘ಡ್ರಮ್ ಬ್ರೇಕ್ ಸಾಕಾಗಿ ಹೋಯಿತು, ಎಲ್ಲ ಚಕ್ರಗಳಿಗೂ ಡಿಸ್ಕ್ ಹಾಕಿಕೊಡಿ, ಖರ್ಚು ಎಷ್ಟಾದರೂ ಆಗಲಿ’ ಎಂದರು. ಡ್ರಮ್ ಎಂದರೆ ಚಕ್ರದೊಂದಿಗೆ ತಿರುಗುವ ಕಬ್ಬಿಣದ ಪೊಳ್ಳು ಡಬ್ಬಿ, ಒಳಗಿನ ಶೂಗಳು ಅದನ್ನು ಒತ್ತಿ ನಿಲ್ಲಿಸುತ್ತವೆ. ಡಿಸ್ಕ್ ಎಂದರೆ ತೆರೆದ ತಟ್ಟೆ, ಎರಡು ಬದಿಯಿಂದ ಪ್ಯಾಡುಗಳು ಅದನ್ನು ಹಿಡಿಯುತ್ತವೆ. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದೆ, ಗಾಡಿ ಗುಡ್ಡದ ಬದಿಯ ಚರಂಡಿಗೆ ಇಳಿದು ನಿಂತಿತ್ತು. ಚರಂಡಿ ಇದ್ದದ್ದು ಬಲಕ್ಕೆ ಅಲ್ಲ, ಎಡಕ್ಕೆ ಎಂಬ ಒಂದೇ ಕಾರಣಕ್ಕೆ ಚಾಲಕ ಉಳಿದಿದ್ದ.

ನಾನು ಮೊದಲು ಚಕ್ರಗಳನ್ನು ಬಿಚ್ಚಿದೆ. ಹಿಂದಿನ ಒಂದು ಚಕ್ರದ ಸಿಲಿಂಡರಿನಲ್ಲಿ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇನ್ನೊಂದು ಬದಿಯಲ್ಲಿ ಹಬ್‌ನ ಸೀಲ್ ಹರಿದು ಶೂವಿನ ಮೇಲಿನ ಉಜ್ಜುಪಟ್ಟಿ, ಅಂದರೆ ಲೈನರ್, ಆಕ್ಸಲ್ ಎಣ್ಣೆ ಕುಡಿದಿತ್ತು. ಡ್ರಮ್‌ಗಳು ಒಳಮೈ ಸಮ ಮಾಡಿಸಲು ಎಷ್ಟು ಸಲ ಲೇತ್ ಕಂಡಿದ್ದವೋ, ಕೈಯಲ್ಲಿ ಹಿಡಿದರೇ ಹಗುರವಾಗಿದ್ದವು. ಬ್ರೇಕ್ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಬ್ರೇಕುಗಳ ಕೆಲಸವನ್ನು ಮುಂದಿನ ಎರಡೇ ಮಾಡುತ್ತಿದ್ದವು. ಇಂಥ ಗಾಡಿಗೆ ಡಿಸ್ಕ್ ಹಾಕುವುದು ಮಾಡು ಸೋರುವ ಮನೆಗೆ ಹೊಸ ಬಾಗಿಲು ಇಡಿಸಿದಂತೆ.

ಡ್ರಮ್ ಬ್ರೇಕಿಗೆ ಶಕ್ತಿ ಕಡಿಮೆ ಎಂಬ ಮಾತು ತಪ್ಪು. ಚಕ್ರ ತಿರುಗುವ ದಿಕ್ಕೇ ಮುಂದಿನ ಶೂವನ್ನು ಡ್ರಮ್ಮಿನೊಳಕ್ಕೆ ಇನ್ನಷ್ಟು ಎಳೆದು ಒತ್ತುತ್ತದೆ. ಡಿಸ್ಕಿಗೆ ಈ ಸಹಾಯ ಇಲ್ಲ, ಅದಕ್ಕೆ ಹೆಚ್ಚಿನ ಒತ್ತಡವನ್ನು ನಾವೇ ಕೊಡಬೇಕು. ಸಮತಟ್ಟಾದ ರಸ್ತೆಯಲ್ಲಿ ಒಂದು ಸಲ ಬಲವಾಗಿ ತುಳಿದಾಗ ಒಳ್ಳೆಯ ಡ್ರಮ್ ಚಕ್ರವನ್ನು ಕಚ್ಚಿ ನಿಲ್ಲಿಸಬಲ್ಲದು. ಅಲ್ಲಿಂದಾಚೆಗೆ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಟಯರು ಮತ್ತು ರಸ್ತೆ ತೀರ್ಮಾನಿಸುತ್ತವೆ. ಸವೆದ ಟಯರಿನ ಗಾಡಿಗೆ ಯಾವ ಬ್ರೇಕ್ ಹಾಕಿದರೂ ಪ್ರಯೋಜನವಿಲ್ಲ.

ಡ್ರಮ್ ಸೋಲುವುದು ಶಾಖದ ಎದುರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರಕು ಸೇರಿ 16 ಟನ್ ತೂಗುವ ಲಾರಿ 100 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ನಮ್ಮ ಬಚ್ಚಲಿನ ಒಂದು ಹಂಡೆ ಎಂದುಕೊಳ್ಳಿ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಘಾಟಿಯ ಬುಡ ಮುಟ್ಟುವಷ್ಟರಲ್ಲಿ ಹಲವು ಹಂಡೆಗಳ ಶಾಖ ಎಲ್ಲಿಗಾದರೂ ಹೋಗಲೇಬೇಕು. ಎಂಜಿನ್ ಅದನ್ನು ಹೊರದಿದ್ದರೆ ಪೂರ್ತಿ ಡ್ರಮ್ಮಿಗೆ ಇಳಿಯುತ್ತದೆ.

ಆಗ ಆಗುವುದು ಒಂದೇ ಬಗೆಯ ಸೋಲಲ್ಲ, ಮತ್ತು ಚಾಲಕರು ಇವುಗಳ ವ್ಯತ್ಯಾಸವನ್ನು ಕಾಲಿನಲ್ಲೇ ಗುರುತಿಸಬೇಕು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಲೈನರ್ ಕಾದು ಹಿಡಿತ ಕಳೆದುಕೊಂಡಿದೆ. ಸುಟ್ಟ ವಾಸನೆ ಮೊದಲೇ ಬಂದಿರುತ್ತದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿದರೆ ಎಣ್ಣೆ ಕುದಿದು ಆವಿಯಾಗಿದೆ. ಡಾಟ್ 3 ಎಂಬ ದರ್ಜೆಯ ಬ್ರೇಕ್ ಎಣ್ಣೆ ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ರವರೆಗೂ ಇಳಿಯಬಹುದು. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಬ್ರೇಕ್ ಎಣ್ಣೆಯ ಗುಣವೇ ಗಾಳಿಯ ತೇವವನ್ನು ಹೀರುವುದು, ನಮ್ಮದೋ ಕರಾವಳಿ. ಮಳೆಗಾಲ ಕಳೆದ ಕೂಡಲೇ, ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಒಂದು ಟಯರಿನ ಬೆಲೆಯ ಎದುರು ಅದು ಏನೂ ಅಲ್ಲ.

ಎಣ್ಣೆಯ ಬದಲು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕಿನ ಗಾಡಿಗಳಲ್ಲಿ ಅಪಾಯ ಬೇರೆ ವೇಷದಲ್ಲಿ ಬರುತ್ತದೆ. 400 ಮಿಲಿಮೀಟರ್ ವ್ಯಾಸದ ಎರಕದ ಕಬ್ಬಿಣದ ಡ್ರಮ್ 300 ಡಿಗ್ರಿ ಹೆಚ್ಚು ಬಿಸಿಯಾದರೆ ವ್ಯಾಸ ಸುಮಾರು 1.3 ಮಿಲಿಮೀಟರ್ ಹಿಗ್ಗುತ್ತದೆ. ಅಂದರೆ ಡ್ರಮ್ ಶೂವಿನಿಂದ ದೂರ ಓಡುತ್ತದೆ. ಆ ಅಂತರವನ್ನು ತುಂಬಲು, ಗಾಳಿ ತುಂಬುವ ಚೇಂಬರಿನಿಂದ ಶೂವನ್ನು ತಳ್ಳುವ ಪುಷ್‌ರಾಡ್ ಅದರ ಹಲವು ಪಟ್ಟು ಹೆಚ್ಚು ಚಲಿಸಬೇಕು. ಶೂ ಮತ್ತು ಡ್ರಮ್ಮಿನ ನಡುವಿನ ಸಡಿಲವನ್ನು ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಮೊದಲೇ ಸಡಿಲವಾಗಿದ್ದರೆ ರಾಡ್ ತನ್ನ ಕೊನೆ ಮುಟ್ಟುತ್ತದೆ, ಶೂ ಮಾತ್ರ ಡ್ರಮ್ಮನ್ನು ಒತ್ತುವುದಿಲ್ಲ. ಮೀಟರಿನಲ್ಲಿ ಗಾಳಿಯ ಒತ್ತಡ ಪೂರ್ತಿ ಇರುತ್ತದೆ, ಚಕ್ರದಲ್ಲಿ ಬ್ರೇಕ್ ಇರುವುದಿಲ್ಲ. ಬೆಳಿಗ್ಗೆ ಯಾರ್ಡಿನಲ್ಲಿ ತಣ್ಣಗಿರುವಾಗ ಚೆನ್ನಾಗಿ ಹಿಡಿದ ಬ್ರೇಕ್ ಘಾಟಿಯ ನಡುವೆ ಕೈಕೊಡುವುದು ಹೀಗೆ. ಪದೇ ಪದೇ ಲೇತ್‌ಗೆ ಕೊಟ್ಟು ತೆಳುವಾದ ಡ್ರಮ್ ಇನ್ನೂ ಬೇಗ ಕಾಯುತ್ತದೆ, ಇನ್ನೂ ಹೆಚ್ಚು ಹಿಗ್ಗುತ್ತದೆ.

ಡಿಸ್ಕಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ಅದು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ನೆರೆನೀರು ದಾಟಿದ ಮೇಲೆ ನೀರನ್ನು ಕೊಡವಿ ಹಾಕುತ್ತದೆ. ಹೊಸ ಲಾರಿ ಕೊಳ್ಳುವವರು ಡಿಸ್ಕ್ ಸಿಕ್ಕರೆ ಖಂಡಿತ ತೆಗೆದುಕೊಳ್ಳಿ.

ಹಳೆಯ ಗಾಡಿಗೆ ಕೂಡಿಸುವುದು ಬೇರೆ ಮಾತು. ಹಬ್, ರಿಮ್ಮಿನೊಳಗಿನ ಜಾಗ, ಪೆಡಲ್ ತುಳಿದಾಗ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರ್, ಆ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಎಲ್ಲವೂ ಬದಲಾಗಬೇಕು. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವುದುಂಟು. ಅದನ್ನೇ ಡಿಸ್ಕಿಗೆ ಜೋಡಿಸಿದರೆ ಪ್ಯಾಡ್ ಯಾವಾಗಲೂ ಉಜ್ಜುತ್ತಲೇ ಇರುತ್ತದೆ. ಕೈಬ್ರೇಕಿಗೆ ಬೇರೆ ದಾರಿ ಹುಡುಕಬೇಕು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಟ್ಟು ಒತ್ತಡದ ಹಂಚಿಕೆ ತಪ್ಪಿದರೆ, ಒದ್ದೆ ರಸ್ತೆಯಲ್ಲಿ ಖಾಲಿ ಗಾಡಿಯ ಹಿಂಭಾಗ ಅಡ್ಡ ತಿರುಗುತ್ತದೆ. ಜೊತೆಗೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡುಗಳಿಗೆ ಮಿತಿ ಹಾಕಿದೆ. ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಬರಹದಲ್ಲಿ ವಿಚಾರಿಸಿ. ಅಪಘಾತದ ಮರುದಿನ ಕೇಳಿದರೆ ಉತ್ತರ ಬೇರೆಯೇ ಇರುತ್ತದೆ.

ಹಾಗಾದರೆ ಹಣ ಹಾಕಲು ಯೋಗ್ಯವಾದ ಬದಲಾವಣೆ ಇಲ್ಲವೇ? ಇದೆ. ಒಂದೇ ಸಾಲಿನ ಎಣ್ಣೆ ಬ್ರೇಕ್ ಇರುವ ಬಹಳ ಹಳೆಯ ಗಾಡಿಯಲ್ಲಿ ಒಂದು ಪೈಪ್ ಒಡೆದರೆ ಎಲ್ಲ ಚಕ್ರಗಳೂ ಕೈಬಿಡುತ್ತವೆ. ಅದೇ ತಯಾರಕರ ನಂತರದ ಮಾದರಿಯಿಂದ ಎರಡು ಸಾಲಿನ ಮಾಸ್ಟರ್ ಸಿಲಿಂಡರ್ ಕೂರುವುದಾದರೆ, ಮೊದಲ ಖರ್ಚು ಅದಕ್ಕೇ ಆಗಲಿ. ಏರ್ ಬ್ರೇಕಿಗೆ ಸ್ವಯಂಚಾಲಿತ ಸ್ಲ್ಯಾಕ್ ಅಡ್ಜಸ್ಟರ್ ಹಾಕಿಸಿ. ಹಾಕಿಸಿದ ಮೇಲೆ ಅದನ್ನು ಸ್ಪ್ಯಾನರಿನಿಂದ ಮತ್ತೆ ಮತ್ತೆ ಬಿಗಿಯಬೇಡಿ. ಅದು ತಾನಾಗಿ ಹೊಂದಿಕೊಳ್ಳುತ್ತಿಲ್ಲವೆಂದರೆ ಕ್ಯಾಮ್ ಬುಶ್ಶೋ ಅಡ್ಜಸ್ಟರೋ ಕೆಟ್ಟಿದೆ, ಬಿಗಿದರೆ ರೋಗ ಮುಚ್ಚಿಹೋಗುತ್ತದೆ. ಹೊಗೆ ಹೊರಹೋಗುವ ದಾರಿಯನ್ನು ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದ್ದೂ ಕೆಟ್ಟು ಕೂತ ಗಾಡಿಗಳು ನಮ್ಮಲ್ಲಿ ಎಷ್ಟಿವೆ! ಘಾಟಿಗೆ ಹೋಗುವವರು ಅದನ್ನು ಸರಿಮಾಡಿಸದಿರುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಅದು ಮತ್ತು ಚಿಕ್ಕ ಗೇರ್ ಸೇರಿದರೆ ಆ ಹಂಡೆಗಳಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊತ್ತುಕೊಳ್ಳುತ್ತದೆ.

ಮಲ್ಪೆಯ ಮೀನಿನ ಲಾರಿಯವರಿಗೆ ಒಂದು ಮಾತು. ಮಂಜುಗಡ್ಡೆ ಕರಗಿ ಸೋರುವ ಉಪ್ಪುನೀರು ನೇರವಾಗಿ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಶೂವಿನ ಪಿನ್ನುಗಳೂ ಪೈಪುಗಳೂ ಉಳಿದವರಿಗಿಂತ ನಿಮ್ಮ ಗಾಡಿಯಲ್ಲಿ ಬೇಗ ತುಕ್ಕು ಹಿಡಿಯುತ್ತವೆ. ನೀರು ಹೊರಹೋಗುವ ಕೊಳವೆಯನ್ನು ಚಕ್ರದಿಂದ ದೂರಕ್ಕೆ ತಿರುಗಿಸಿ, ಅದಕ್ಕೆ ನೂರಿನ್ನೂರು ರೂಪಾಯಿಯ ಪೈಪ್ ಸಾಕು. ಗ್ಯಾರೇಜಿನ ಹುಡುಗರಿಗೂ ಹೇಳಬೇಕು: ಡ್ರಮ್ಮಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಹಿಂದೆ ಬರುವುದಿಲ್ಲ. ಒದ್ದೆ ಮಾಡಿ ಒರೆಸಿ.

ಮೊದಲು ಹೇಳಿದ ಲಾರಿಗೆ ಹೊಸ ಡ್ರಮ್, ಹೊಸ ಸಿಲಿಂಡರ್, ಸೀಲ್, ಎಣ್ಣೆ, ತಯಾರಕರು ಹೇಳಿದ ಲೈನರ್ ಹಾಕಿದೆವು. ಅದರ ಹಳೆಯ ಡ್ರಮ್ ಈ ಮೇಜಿನ ಮೇಲಿದೆ, ಪಕ್ಕದಲ್ಲಿ ಹೊಸದನ್ನೂ ಇಟ್ಟಿದ್ದೇನೆ. ಹೊಸದರ ಮೇಲೆ, ಸವೆದು ದಾಟಬಾರದ ಗರಿಷ್ಠ ವ್ಯಾಸದ ಅಂಕಿ ಎರಕದಲ್ಲೇ ಇದೆ. ಅಳತೆಯ ಕ್ಯಾಲಿಪರ್ ತಂದಿದ್ದೇನೆ. ಒಬ್ಬೊಬ್ಬರಾಗಿ ಬನ್ನಿ, ಎರಡನ್ನೂ ನೀವೇ ಅಳೆದು ನೋಡಿ.